ಎರಡು ನಿಮಿಷ ಮುಂದಿದ್ದ ವಾಚು

ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ತಕ್ಷಣ ಬಸವಣ್ಯಪ್ಪ ಸರ್ ತಮ್ಮ ಕೈಗಡಿಯಾರ ಬಿಚ್ಚಿ ಕಿವಿಗೆ ಹಿಡಿಯುತ್ತಿದ್ದರು. ಮುಳ್ಳು ನೋಡುತ್ತಿರಲಿಲ್ಲ, ಸದ್ದು ಕೇಳುತ್ತಿದ್ದರು. ಕಣ್ಣು ಮುಚ್ಚಿ, ತುಟಿ ಸ್ವಲ್ಪ ತೆರೆದು, ನಾಡಿ ಹಿಡಿದ ವೈದ್ಯರ ಹಾಗೆ ಅರ್ಧ ನಿಮಿಷ ಕೂತು, ಆಮೇಲೆ ಸಮಾಧಾನದಿಂದ ಕಟ್ಟಿಕೊಳ್ಳುತ್ತಿದ್ದರು. ದಿನಾ ಕೀಲಿ ಕೊಡಬೇಕಾದ ಹಳೇ ವಾಚು ಅದು. ಜೇಬಿನಲ್ಲಿ ಮೊಬೈಲ್ ಇತ್ತು, ಅದರಲ್ಲಿ ಸೆಕೆಂಡ್ ಸಮೇತ ಟೈಮ್ ಬರುತ್ತಿತ್ತು. ಆದರೆ ಆ ಮೊಬೈಲನ್ನು ಅವರು ಸದ್ದಿಲ್ಲದಂತೆ ಮಾಡಿ ಬ್ಯಾಗಿನ ತಳಕ್ಕೆ ತುರುಕಿದರೆ ಸಂಜೆಯವರೆಗೂ ತೆಗೆಯುತ್ತಿರಲಿಲ್ಲ.

ನಾನು ಕನ್ನಡ ಪಾಠ ಹೇಳುವವಳು. ಶಿಕಾರಿಪುರದಲ್ಲಿ ಮನೆ, ಸೊರಬದಲ್ಲಿ ಪಿಯು ಕಾಲೇಜು. ಹದಿನಾರು ವರ್ಷದಿಂದ ಬೆಳಿಗ್ಗೆ ಏಳೂವರೆಯ ಬಸ್ಸು, ಸಂಜೆ ಐದರ ಬಸ್ಸು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತು ಸಂತೆಗೆ ಹೋಗುವವರನ್ನೆಲ್ಲ ತುಂಬಿಕೊಂಡು ಮತ್ತೆ ಹೊರಡುವಷ್ಟರಲ್ಲಿ ಇಸ್ತ್ರಿ ಮಾಡಿದ ಸೀರೆ ಮುದ್ದೆಯಾಗಿರುತ್ತದೆ. ಇಷ್ಟು ವರ್ಷದಲ್ಲಿ ನನ್ನ ಸೊಂಟ ಹೋಯಿತು, ಸಹನೆ ಹೋಯಿತು. ವರ್ಗಾವಣೆ ಮಾತ್ರ ಆಗಲಿಲ್ಲ. ಬಸವಣ್ಯಪ್ಪ ಸರ್ ನನಗಿಂತ ಹನ್ನೊಂದು ವರ್ಷ ಮೊದಲೇ ಅದೇ ದಾರಿ ಹಿಡಿದವರು. ಅವರು ಫಿಜಿಕ್ಸ್ ಮೇಷ್ಟ್ರು.

"ಸುಸ್ತಾಗಲ್ವಾ ಸರ್ ನಿಮ್ಗೆ?" ಎಂದು ಒಂದು ಸಲ ರೇಗಿಯೇ ಕೇಳಿದ್ದೆ.

"ಆಗ್ತೈತ್ರೀ ಮೇಡಂ, ಯಾಕಾಗಲ್ಲ? ಆದ್ರ ಒಂದು ಲಾಭ ಐತಿ. ಓಡಾಡೋರಿಗೆ ವಯಸ್ಸು ನಿಧಾನಕ್ಕ ಆಗ್ತೈತಿ. ಮನ್ಯಾಗ ಕುಂತೋರಿಗಿಂತ ನೀವು ಸಣ್ಣೋರು."

ತಮಾಷೆ ಅಂದುಕೊಂಡೆ. ಅಷ್ಟರಲ್ಲಿ ಅವರು ಜೇಬಿಂದ ಸೀಮೆಸುಣ್ಣದ ಚೂರು ತೆಗೆದಿದ್ದರು. ಅವರ ಎಲ್ಲ ಅಂಗಿಗಳ ಎಡಜೇಬಿನ ತಳವೂ ಬೆಳ್ಳಗಿರುತ್ತಿತ್ತು. ಚೂರನ್ನು ಮೇಲೆಸೆದು ಹಿಡಿದರು.

"ನೋಡ್ರಿ. ನಮಗೆ ಇದು ನೆಟ್ಟಗ ಮ್ಯಾಲೆ ಹೋಗಿ ನೆಟ್ಟಗ ಕೆಳಗ ಬಂತು. ಅಲ್ಲಿ ಬಳ್ಳಿಗಾವಿ ಕ್ರಾಸಿನಾಗ ಒಬ್ಬ ನಿಂತಾನಲ್ಲ, ಅವನಿಗೆ ಹೆಂಗ ಕಾಣ್ತೈತಿ? ಮ್ಯಾಲೂ ಹೋತು, ಬಸ್ಸಿನ ಜೋಡಿ ಮುಂದೂ ಹೋತು. ಓರೆ ದಾರಿ. ನೆಟ್ಟನೆ ದಾರಿಗಿಂತ ಓರೆ ದಾರಿ ಉದ್ದ, ಹೌದಲ್ರೀ?"

"ಹೌದು."

"ಈಗ ಇದು ಸೀಮೆಸುಣ್ಣ ಅಲ್ಲ, ಬೆಳಕು ಅಂದ್ಕೊಳ್ರಿ. ಸೀಮೆಸುಣ್ಣಕ್ಕ ಬಸ್ಸಿನ ವೇಗನೂ ಸೇರ್ತೈತಿ. ಬೆಳಕಿಗೆ ಸೇರಂಗಿಲ್ಲ. ನಮಗೂ ಅದಕ್ಕ ಒಂದೇ ವೇಗ, ಕ್ರಾಸಿನಾಗ ನಿಂತೋನಿಗೂ ಒಂದೇ ವೇಗ. ಅದೇ ವೇಗದಾಗ ಉದ್ದನೆ ದಾರಿ ಹೋಗ್ಬೇಕಂದ್ರ?"

"ಜಾಸ್ತಿ ಹೊತ್ತು ಬೇಕು."

"ಅಷ್ಟ! ಬೆಳಕು ಒಮ್ಮೆ ಮ್ಯಾಲೆ ಹೋಗಿ ಬಂದ್ರ ಗಡಿಯಾರದ ಒಂದು ಟಿಕ್ ಅನ್ರಿ. ನಮಗೆ ಒಂದು ಟಿಕ್ ಆಗೋದ್ರಾಗ ಅವನಿಗೆ ಒಂದು ಟಿಕ್ಕಿಗಿಂತ ಹೆಚ್ಚು ಆಗೈತಿ. ಅವನ ಲೆಕ್ಕದಾಗ ನಮ್ಮ ಗಡಿಯಾರ ನಿಧಾನ. ಗಡಿಯಾರ ಒಂದೇ ಅಲ್ರೀ, ನಮ್ಮ ಎದೆಬಡಿತ, ತಲೆಗೂದಲು ನೆರೆಯೋದು, ಎಲ್ಲಾ." ಖುಷಿಗೆ ಇನ್ನೊಮ್ಮೆ ಎಸೆದರು. ಬಸ್ಸು ಗುಂಡಿಗೆ ಇಳಿಯಿತು. ಚೂರು ಹೋಗಿ ಮುಂದಿನ ಸೀಟಿನ ಅಜ್ಜಿಯ ಸೊಪ್ಪಿನ ಬುಟ್ಟಿಗೆ ಬಿತ್ತು.

"ಸರ್, ನಿಮ್ ಬೆಳಕು ಅಜ್ಜಿ ಬುಟ್ಟಿಗೆ ಹೋಯ್ತು," ಎಂದ ಕಂಡಕ್ಟರ್ ಇಮ್ತಿಯಾಜ್. ಬಸ್ಸೆಲ್ಲ ನಕ್ಕಿತು. ಸರ್ ಎಲ್ಲರಿಗಿಂತ ಜೋರಾಗಿ ನಕ್ಕರು.

ಮರುದಿನ ಲೆಕ್ಕ ಮಾಡಿಕೊಂಡು ಬಂದರು. ತಾವು ಆವರೆಗೆ ಬಸ್ಸಿನಲ್ಲಿ ಕಳೆದ ಗಂಟೆಗಳು, ಬಸ್ಸಿನ ಸರಾಸರಿ ವೇಗ, ಎಲ್ಲ ಹಾಕಿ ಹಾಳೆಯ ತುಂಬ ಬರೆದಿದ್ದರು. ವರ್ಷ ಕಳೆದ ಹಾಗೆಲ್ಲ ಆ ಲೆಕ್ಕಕ್ಕೆ ಹೊಸ ಸಾಲು ಸೇರಿಸುತ್ತಿದ್ದರು. ಇಪ್ಪತ್ತೇಳನೆಯ ವರ್ಷಕ್ಕೆ ಬಂದ ಮೊತ್ತ ನಲವತ್ತನಾಲ್ಕು ನ್ಯಾನೋ ಸೆಕೆಂಡು. ಅಂದರೆ ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿದರೆ ಅದರಲ್ಲಿ ನಲವತ್ತನಾಲ್ಕು ಚೂರು. ಇಪ್ಪತ್ತೇಳು ವರ್ಷ ಧೂಳು ಕುಡಿದು, ಸೊಂಟ ಮುರಿದುಕೊಂಡು, ಇದಿಷ್ಟು ಉಳಿತಾಯ! ನನಗೆ ಸಿಟ್ಟೇ ಬಂತು. "ಇದನ್ನ ಕಟ್ಕೊಂಡು ಏನ್ ಮಾಡೋದು ಸರ್?" ಎಂದೆ.

"ಏನೂ ಮಾಡಾಕಾಗಲ್ಲ. ಆದ್ರ ಐತಲ್ರೀ? ಸೊನ್ನೆ ಅಲ್ಲ." ಇದು ಅವರ ಮಾತು. ಎಷ್ಟು ಕಡಿಮೆ ಮಾರ್ಕ್ಸ್ ತೆಗೆದ ಹುಡುಗನಿಗೂ, ಎಂಥಾ ಸಪ್ಪೆ ಸಾರಿಗೂ, "ಸೊನ್ನೆ ಅಲ್ಲ" ಎನ್ನುತ್ತಿದ್ದರು. ಮಕ್ಕಳು ಅವರಿಗೆ ನ್ಯಾನೋ ಸರ್ ಎಂದು ಹೆಸರಿಟ್ಟಿದ್ದರು.

ಈ ಲೆಕ್ಕದ ಹಿಂದೆ ಒಬ್ಬರಿದ್ದರು. ಗಿರಿಜಕ್ಕ. ಸರ್‌ಗೆ ಅವಳಿ ಅಕ್ಕ, ಕಾಲುಗಂಟೆ ದೊಡ್ಡವರು. ಎಸ್ಸೆಸ್ಸೆಲ್ಸಿ ಇಬ್ಬರೂ ಒಟ್ಟಿಗೇ ಪಾಸಾದರು. ಗಣಿತದಲ್ಲಿ ಅಕ್ಕನಿಗೇ ಹೆಚ್ಚು ಮಾರ್ಕ್ಸ್. ಅಪ್ಪ ಇಬ್ಬರಿಗೂ ಒಂದೇ ಥರದ ವಾಚು ತಂದುಕೊಟ್ಟರು, ಕಾಲೇಜಿಗೆ ಮಾತ್ರ ಒಬ್ಬನನ್ನೇ ಕಳಿಸಿದರು. ಅಕ್ಕ ಹೊಲಿಗೆ ಮಷಿನ್ ಮುಂದೆ ಕೂತರು. ಮದುವೆ ಮಾತು ಬಂದಾಗ ತಮ್ಮ "ಮೊದ್ಲು ಅಕ್ಕಂದಾಗ್ಲಿ" ಎಂದ, ಅಕ್ಕ "ತಮ್ಮಂದಾಗ್ಲಿ" ಎಂದಳು. ಹೀಗೆ ಒಬ್ಬರನ್ನೊಬ್ಬರು ಕಾದು ಇಬ್ಬರದೂ ಆಗಲಿಲ್ಲ.

ಬೆಳಿಗ್ಗೆ ಏಳು ಗಂಟೆಗೆ ಅಕ್ಕ-ತಮ್ಮ ಎದುರುಬದುರು ಕೂತು ಎರಡೂ ವಾಚಿಗೆ ಕೀಲಿ ಕೊಟ್ಟು, ಮುಳ್ಳು ಸರಿಸಿ, ಟೈಮ್ ಹೊಂದಿಸುತ್ತಿದ್ದರು. ಒಂದು ವಾಚು ತಮ್ಮನ ಕೈಯಲ್ಲಿ ಸೊರಬಕ್ಕೆ ಹೊರಡುವುದು. ಇನ್ನೊಂದು ಹೊಲಿಗೆ ಮಷಿನ್ ಮೇಲಿನ ಮೊಳೆಗೆ ನೇತಾಡುತ್ತ ಮನೆಯಲ್ಲೇ ಇರುವುದು. ಸಂಜೆ ಚಪ್ಪಲಿ ಬಿಟ್ಟ ಕೂಡಲೇ ಎರಡನ್ನೂ ಜೋಡಿಸಿ ನೋಡುವುದು. ಪ್ರತಿದಿನ ತಮ್ಮನ ವಾಚು ಎರಡು ನಿಮಿಷ ಹಿಂದೆ. "ನೋಡು, ನಾ ಎರಡು ನಿಮಿಷ ಸಣ್ಣೋನಾಗಿ ಬಂದೆ," ಎಂದು ಇವರು ನಗುವುದು, "ಬಾ ಬಾ, ಕೂಸು, ಕೈಕಾಲು ತೊಳಕೋ," ಎಂದು ಆಕೆ ಗದರುವುದು. ಕೇಳಿದರೆ ಹುಚ್ಚು ಅನ್ನಿಸಬಹುದು. ಒಂದು ದಿನವೂ ತಪ್ಪುತ್ತಿರಲಿಲ್ಲ.

ಸಿಲಬಸ್ಸಿನಲ್ಲಿಲ್ಲದ ಈ ಪಾಠವನ್ನು ಸರ್ ಶನಿವಾರದ ಕೊನೇ ಪೀರಿಯಡ್‌ನಲ್ಲಿ ಮಾಡುತ್ತಿದ್ದರು. ಅಕ್ಕನ ವಾಚಿನ ಕಥೆ ಮೊದಲು, ನಿಜವಾದ ಲೆಕ್ಕ ಆಮೇಲೆ. ಕುಪ್ಪಗಡ್ಡೆ ಊರಿಂದ ಬರುತ್ತಿದ್ದ ಒಬ್ಬ ಹುಡುಗಿ ಕಥೆ ಕೇಳಿಸಿಕೊಂಡು ಲೆಕ್ಕ ಬಿಟ್ಟಳು. ಕಾಲೇಜಿನ ಪರೀಕ್ಷೆಯಲ್ಲಿ ಸರ್ ಅದರ ಮೇಲೆ ಕೇಳಿದ್ದ ಪ್ರಶ್ನೆಗೆ, "ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಎರಡು ನಿಮಿಷ ವಯಸ್ಸು ಕಡಿಮೆಯಾಗುತ್ತದೆ, ಉದಾಹರಣೆ: ನಮ್ಮ ಸರ್" ಎಂದು ಬರೆದಿಟ್ಟಳು. ಪ್ರಿನ್ಸಿಪಾಲರು ಆ ಹಾಳೆ ಹಿಡಿದುಕೊಂಡು ಸ್ಟಾಫ್ ರೂಮಿಗೇ ಬಂದರು. ಸರ್ ಓದಿ, ಅರ್ಧ ಮಾರ್ಕ್ಸ್ ಕೊಟ್ಟರು. "ದಿಕ್ಕು ಸರಿ ಐತಿ ಸರ್, ಅಳತೆ ತಪ್ಪೈತಿ. ಸೊನ್ನೆ ಅಲ್ಲ."

ಗಿರಿಜಕ್ಕನ ಬುದ್ಧಿಯ ಮಾತು ಬಂದರೆ ಅವರು ಇದೊಂದನ್ನು ಹೇಳದೆ ಬಿಡುತ್ತಿರಲಿಲ್ಲ. "ನಾನು ಎಂಎಸ್ಸಿ ಮುಗಿಸಿ ಬಂದು ಇದನ್ನ ಹೇಳಿದೆ ಮೇಡಂ. ಬ್ಲೌಸಿಗೆ ಹುಕ್ ಹಚ್ಚಾಕತ್ತಿದ್ಲು. ತಲೆ ಎತ್ತಲಿಲ್ಲ. 'ನೀ ಹೊಂಟಿ ಅಂತೀಯ, ನಿನ್ನ ಬಸ್ಸಿಂದ ನೋಡಿದ್ರ ನಾನೇ ಹಿಂದಕ್ಕ ಹೊಂಟಂಗ ಕಾಣ್ತೈತಿ. ಹಂಗಾದ್ರ ನನ್ನ ವಾಚೂ ನಿಧಾನ ಆಗ್ಬೇಕಲ್ಲೋ? ಇಬ್ಬರಾಗ ಸಣ್ಣೋರು ಯಾರು?' ಅಂದ್ಲು. ಆ ಪ್ರಶ್ನೆ ನಾನು ಎರಡು ವರ್ಷ ಓದಿದ್ರೂ ಕೇಳಿರಲಿಲ್ಲ. ಆಕಿನ್ನ ಕಾಲೇಜಿಗೆ ಕಳಿಸ್ಬೇಕಾಗಿತ್ರೀ."

"ಉತ್ತರ ಏನು ಹೇಳಿದ್ರಿ?"

"ತಿರುಗಿ ಬಂದೋನು ಸಣ್ಣೋನು ಅಂದೆ. ಹೋದೋನು ಎಲ್ಲೋ ಒಂದು ಕಡೆ ತಿರುಗಲೇಬೇಕು, ಇದ್ದಾಕಿ ಇದ್ದಲ್ಲೇ ಇರ್ತಾಳ. ಅಲ್ಲಿ ವ್ಯತ್ಯಾಸ. ಇಬ್ಬರೂ ಮತ್ತ ಒಂದೇ ಕಡೆ ಕೂಡಿದ್ರ ಮಾತ್ರ ವಾಚು ಜೋಡಿಸಿ ನೋಡಾಕ ಬರೋದು. ಹೋದೋರು ಬರಲಿಲ್ಲ ಅಂದ್ರ ಲೆಕ್ಕನೇ ಕೂಡಂಗಿಲ್ಲ. ಅದಕ್ಕ ನಮ್ಮ ಕಡೆ ಹೋಗು ಅನ್ನಂಗಿಲ್ಲ ನೋಡ್ರಿ, ಹೋಗ್ಬಾ ಅಂತಾರ."

ಹೋದ ವರ್ಷ ಗಿರಿಜಕ್ಕನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಶಿವಮೊಗ್ಗದ ದೊಡ್ಡ ಡಾಕ್ಟರು ನೋಡಿ, ಕತ್ತರಿಸಿ ಪ್ರಯೋಜನವಿಲ್ಲ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ, ಆರೇಳು ತಿಂಗಳು ಎಂದರು. ಆವತ್ತಿನಿಂದ ಸರ್‌ಗೆ ಬೇಕಾಗಿದ್ದು ಒಂದೇ. ಅಕ್ಕನ ಹತ್ತಿರ ಇರಬೇಕು. ಬಸ್ಸಿನಲ್ಲಿ ಹೋಗುವ ಮೂರು ಗಂಟೆ ಅವರಿಗೆ ಮೊದಲ ಸಲ ದಂಡ ಅನ್ನಿಸತೊಡಗಿತು. ರಜೆಗಳು ಆಸ್ಪತ್ರೆ ಓಡಾಟದಲ್ಲೇ ಖರ್ಚಾಗಿದ್ದವು. ಊರಿನ ಕಾಲೇಜಿಗೆ ವರ್ಗ ಸಿಕ್ಕಿದರೆ ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು, ಅಕ್ಕನನ್ನು ಎತ್ತಿ ಕೂರಿಸಬಹುದು, ನಾಲ್ಕು ತುತ್ತು ತಿನ್ನಿಸಬಹುದು.

ಅರ್ಜಿಯನ್ನು ನಾನೇ ಕೂತು ತುಂಬಿಸಿದೆ. ಕಾಯಿಲೆಯ ಕಾರಣಕ್ಕೆ ಕೇಳುವವರಿಗೆ ಬೇರೆ ಕಾಲಂ ಇತ್ತು. ತಾನು, ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆತಾಯಿ. ಅಕ್ಕ ಎನ್ನುವ ಕಾಲಂ ಇರಲಿಲ್ಲ. ಸರ್ ಪೆನ್ನು ತೆಗೆದುಕೊಂಡು ಕೆಳಗಿನ ಖಾಲಿ ಜಾಗದಲ್ಲಿ ಗುಂಡಗೆ ಬರೆದರು: "ಅವಳಿ ಅಕ್ಕ." ಆಫೀಸಿನವರು ಅರ್ಜಿಯನ್ನು ಪಕ್ಕಕ್ಕಿಟ್ಟರು. ನಾನು ಹೋಗಿ ಜಗಳ ಮಾಡಿ ಬಂದೆ, ಬಾಯಿ ನೋವಾಯಿತು ಅಷ್ಟೆ. ಬಂಡೆಗೆ ಹಣೆ ಚಚ್ಚಿಕೊಂಡರೆ ಒಡೆಯುವುದು ಹಣೆಯೇ.

ಆ ದಿನಗಳಲ್ಲಿ ಒಂದು ಭಾನುವಾರ ಅವರ ಮನೆಗೆ ಹೋಗಿದ್ದೆ. ಗಿರಿಜಕ್ಕ ಮಂಚದಲ್ಲಿ ಒಂದು ಹಿಡಿಯಾಗಿದ್ದರು. ಇಬ್ಬರಿಗೂ ಒಂದೇ ವಯಸ್ಸು ಎಂದರೆ ನಂಬಲು ಕಷ್ಟ. ತಮ್ಮ ಇನ್ನೂ ಗಟ್ಟಿಯಾಗಿದ್ದರು, ಅಕ್ಕ ಅವರ ತಾಯಿಯ ಹಾಗೆ ಕಾಣುತ್ತಿದ್ದರು.

"ಬರ್ರಿ ಮೇಡಂ, ಕುಂದ್ರಿ," ಎಂದು ಕೈ ಹಿಡಿದುಕೊಂಡರು. ಸರ್ ಚಹಾ ಮಾಡಲು ಒಳಗೆ ಹೋದ ಮೇಲೆ ದನಿ ತಗ್ಗಿಸಿದರು. "ನಿಮ್ಗೊಂದು ಹೇಳ್ತೀನಿ, ಅವನಿಗೆ ಹೇಳಬ್ಯಾಡ್ರಿ. ಆ ಎರಡು ನಿಮಿಷ ಐತಲ್ಲ, ಅದು ನಾನೇ ಇಡೋದು. ಅವ ಬರೋ ಹೊತ್ತಿಗೆ ನನ್ನ ವಾಚಿನ ಮುಳ್ಳು ಮುಂದಕ್ಕ ತಿರುವಿಡ್ತೀನಿ. ಕೆಲಸಕ್ಕ ಸೇರಿದ ಹೊಸದ್ರಾಗ ಒಂದಿನ ಭಾಳ ಸೋತು ಬಂದಿದ್ದ. ನಗ್ಲಿ ಅಂತ ಇಟ್ಟೆ. ನಕ್ಕ. ಆಮ್ಯಾಗ ಬಿಡಾಕ ಆಗ್ಲಿಲ್ಲ ನೋಡ್ರಿ."

"ಈಗ್ಲೂ ಇಡ್ತೀರಾ?"

"ಮೊಳೆ ತನಕ ಕೈ ಏಳಂಗಿಲ್ಲ. ಪಕ್ಕದ ಮನಿ ಶಾಂತಮ್ಮ ವಾಚು ತೆಗೆದು ಕೈಗೆ ಕೊಡ್ತಾಳ."

ಹೇಳಬೇಡಿ ಎಂದರೂ ನನ್ನ ಬಾಯಿ ನಿಲ್ಲಬೇಕಲ್ಲ. ಮರುದಿನ ಬಸ್ಸಿನಲ್ಲಿ ಸುತ್ತಿಬಳಸಿ ಮಾತು ತೆಗೆದೆ. ಸರ್ ಕಿಟಕಿಯಾಚೆ ನೋಡುತ್ತ ನಕ್ಕರು.

"ಅಕ್ಕ ಹೇಳಿದ್ಲೇನ್ರಿ? ನಂಗೊತ್ತಿಲ್ಲೇನು? ಬಹಳ ಹಿಂದೆ ಒಂದಿನ ಬಂದ್ ಅಂತ ಶಿರಾಳಕೊಪ್ಪದಾಗೇ ಬಸ್ ನಿಂತು, ಅರ್ಧ ದಾರಿಯಿಂದ ವಾಪಸ್ ಬಂದೆ. ಊರಾಗೆಲ್ಲಾ ಸುತ್ತಿ ಸಂಜೆ ಮನಿಗೆ ಹೋದೆ. ಅವತ್ತೂ ಎರಡೇ ನಿಮಿಷ! ಅರ್ಧ ದಾರಿಗೆ ಒಂದು ನಿಮಿಷ ಆಗ್ಬೇಕಿತ್ತಲ್ರೀ? ನಾನು ಫಿಜಿಕ್ಸ್ ಓದಿದೋನು. ನಲವತ್ತನಾಲ್ಕು ನ್ಯಾನೋ ಯಾವ ವಾಚಿನಾಗ ಕಾಣ್ತೈತಿ?" ವಾಚಿನ ಪಟ್ಟಿ ಸರಿಮಾಡಿಕೊಂಡರು. "ಆಕಿಗೆ ಮಾತ್ರ ಹೇಳಬ್ಯಾಡ್ರಿ."

ಅಕ್ಕನ ಗುಟ್ಟು ತಮ್ಮನಿಗೆ ಹೇಳಬಾರದು, ತಮ್ಮನ ಗುಟ್ಟು ಅಕ್ಕನಿಗೆ ಹೇಳಬಾರದು. ನಡುವೆ ನಾನು.

ಅದಾಗಿ ಕೆಲವು ವಾರಗಳ ಮೇಲೆ ಒಂದು ದಿನ ಸೆಕೆಂಡ್ ಪಿಯುಸಿ ಮಕ್ಕಳಿಗೆ ಪ್ರಾಕ್ಟಿಕಲ್ ಪರೀಕ್ಷೆ ಇತ್ತು. ಸರ್ ಹೋಗುವುದಿಲ್ಲ ಎಂದರಂತೆ. ಗಿರಿಜಕ್ಕ, "ಮಕ್ಕಳ ಪರೀಕ್ಷೆ ಐತಿ, ಹೋಗ್ಬಾ," ಎಂದು ಹಟ ಹಿಡಿದು ಕಳಿಸಿದ್ದರು. ಮೂರು ವಾರದಿಂದ ನೆಟ್ಟಗೆ ನಿದ್ದೆ ಕಾಣದ ಮನುಷ್ಯ ಶಿರಾಳಕೊಪ್ಪ ಬರುವ ಮುಂಚೆಯೇ ಕಿಟಕಿಗೆ ತಲೆ ಆನಿಸಿ ಮಲಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು.

ಶಿರಾಳಕೊಪ್ಪ ದಾಟಿ ನಾಲ್ಕೈದು ಮೈಲಿ ಬಂದಿದ್ದಾಗ ನನ್ನ ಫೋನ್ ಬಡಿದುಕೊಂಡಿತು. ಶಾಂತಮ್ಮ. "ಮೇಡಂ, ಅವರ ಫೋನ್ ಎತ್ತವಲ್ರು... ಗಿರಿಜಕ್ಕ ಹೋಗ್ಬಿಟ್ಲು." ಫೋನಿನಲ್ಲಿ ಟೈಮ್ ಎಂಟು ಇಪ್ಪತ್ತನಾಲ್ಕು.

ಪಕ್ಕದಲ್ಲೇ ಅವರು. ಭುಜಕ್ಕೆ ಕೈ ಹಾಕಲು ಹೋದವಳು ಹಿಂದಕ್ಕೆ ತೆಗೆದುಕೊಂಡೆ. ಎದ್ದು ಹೋಗಿ ಇಮ್ತಿಯಾಜ್‌ಗೆ ಹೇಳಿದೆ. ಅವನು ಒಂದು ಕ್ಷಣ ಕಣ್ಣು ಮುಚ್ಚಿದ.

"ಇಲ್ಲಿ ಇಳಿಸಿದ್ರೆ ರೋಡಲ್ಲಿ ನಿಲ್ಬೇಕು ಮೇಡಂ, ವಾಪಸ್ ಹೋಗೋಕೆ ಏನೂ ಸಿಗಲ್ಲ. ಸೊರಬದಿಂದ ಬರೋ ನಮ್ಮ ಬಸ್ಸು ಮುಂದೆ ಎದುರಾಗ್ತೈತೆ, ಹತ್ತು ಹನ್ನೆರಡು ನಿಮಿಷ. ನಾನು ಫೋನ್ ಮಾಡಿ ನಿಲ್ಲಿಸ್ತೀನಿ. ಅಲ್ಲೀಗಂಟ ಮಲಗ್ಲಿ ಬಿಡಿ. ಇವತ್ತಾದ್ಮೇಲೆ ಯಾವಾಗ ನಿದ್ದೆ ಮಾಡ್ತಾರೋ."

ಬಂದು ಅವರ ಪಕ್ಕದಲ್ಲೇ ಕೂತೆ. ಅವರು ಉಸಿರಾಡುವುದನ್ನು ನೋಡುತ್ತಿದ್ದೆ. ಎಬ್ಬಿಸು ಎನ್ನುತ್ತಿತ್ತು ಒಂದು ಮನಸ್ಸು, ಬೇಡ ಎನ್ನುತ್ತಿತ್ತು ಇನ್ನೊಂದು. ಅಷ್ಟು ಉದ್ದದ ಹನ್ನೆರಡು ನಿಮಿಷವನ್ನು ನಾನು ಬದುಕಿನಲ್ಲಿ ಕಂಡಿಲ್ಲ. ಎದುರಿನ ಬಸ್ಸು ದೀಪ ಹೊಡೆದು ನಿಂತಾಗ ಎಬ್ಬಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಅಳಲಿಲ್ಲ. ವಾಚು ಬಿಚ್ಚಿ ಕಿವಿಗೆ ಹಿಡಿದರು. ಆಮೇಲೆ ಇಳಿದು ಆ ಬಸ್ಸು ಹತ್ತಿದರು. ನಾನೂ ಹತ್ತಿದೆ. ದಾರಿಯುದ್ದಕ್ಕೂ ಒಂದೇ ಮಾತಾಡಿದರು: "ಹೋಗ್ಬರ್ತೀನಿ ಅಂತನೂ ಹೇಳ್ಲಿಲ್ಲ ನೋಡ್ರಿ ಅಕ್ಕ."

ಊರಿಗೆ ವರ್ಗಾವಣೆ ಆದೇಶ ಬಂದಿದ್ದು ಅದಾಗಿ ನಾಲ್ಕು ತಿಂಗಳಿಗೆ, ಎಲ್ಲರ ಜೊತೆ, ಸಾಮಾನ್ಯ ಪಟ್ಟಿಯಲ್ಲಿ. ಯಾರಿಗೂ ಏನೂ ಅನ್ನಿಸಲಿಲ್ಲ. ನನಗೂ ಬೈಯುವ ಶಕ್ತಿ ಉಳಿದಿರಲಿಲ್ಲ. ನನ್ನ ಪಕ್ಕದ ಸೀಟಿನಲ್ಲಿ ಈಗ ದಿನಕ್ಕೊಬ್ಬರು ಕೂರುತ್ತಾರೆ.

ಆಮೇಲೆ ಅವರನ್ನು ನಾನು ನೋಡಿದ್ದು ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ, ಬೆಳಿಗ್ಗೆ ಏಳೂಕಾಲಿಗೆ. ನನ್ನನ್ನು ನೋಡಲೆಂದೇ ಬಂದಿದ್ದರು. ಮೈ ಇಳಿದು ಹೋಗಿತ್ತು. ಒಂದೇ ಕೈಗೆ ಎರಡು ವಾಚು ಕಟ್ಟಿಕೊಂಡಿದ್ದರು.

"ಈಗ ನಡಕೊಂಡು ಕಾಲೇಜಿಗೆ ಹೋಗ್ತೀನ್ರೀ. ಎಲ್ಲರ ಹಂಗ ನಂಗೂ ವಯಸ್ಸಾಗಾಕತ್ತೈತಿ." ಕೈ ಮುಂದೆ ಮಾಡಿದರು. "ಎರಡಕ್ಕೂ ನಾನೇ ಕೀಲಿ ಕೊಡ್ತೀನಿ. ಎರಡೂ ಒಂದೇ ಟೈಮು. ಸಂಜೆ ನೋಡಿದ್ರೂ ಒಂದೇ, ಬೆಳಿಗ್ಗೆ ನೋಡಿದ್ರೂ ಒಂದೇ."

ನಾನು ಬಗ್ಗಿ ನೋಡಿದೆ, ಎರಡರ ಮುಳ್ಳೂ ಒಂದೇ ಕಡೆ ಇದ್ದವು.

"ಒಂದು ಕೇಳ್ಬೇಕಿತ್ತು ಮೇಡಂ. ಅವತ್ತು ಶಾಂತಮ್ಮ ನಿಮ್ಗೆ ಫೋನ್ ಮಾಡಿದ್ದು ಎಂಟು ಇಪ್ಪತ್ತನಾಲ್ಕಕ್ಕ. ಆಕಿ ಫೋನಿನಾಗ ನೋಡಿದೆ. ನೀವು ನನ್ನ ಎಬ್ಬಿಸಿದಾಗ ಎಂಟು ಮೂವತ್ತಾರು."

ಇಷ್ಟು ದಿನ ನಾನು ಹೆದರಿದ್ದು ಇದಕ್ಕೇ. "ತಪ್ಪಾಯ್ತು ಸರ್. ಬಸ್ಸು ಎದುರಾಗ್ಲಿ ಅಂತ... ನೀವು ಮಲಗಿದ್ರಿ... ಎಬ್ಬಿಸೋಕೆ ಕೈ ಬರಲಿಲ್ಲ."

"ತಪ್ಪು ಅಂತ ಯಾರಂದ್ರು?" ಎಂದರು ಬಸವಣ್ಯಪ್ಪ ಸರ್. ಕಣ್ಣು ತುಂಬಿಕೊಂಡಿದ್ದವು. "ಆ ಹನ್ನೆರಡು ನಿಮಿಷ ಮನ್ಯಾಗ ಆಕಿ ಇರಲಿಲ್ಲ. ನನ್ನ ಪಾಲಿಗೆ ಇದ್ಲು. ಇಪ್ಪತ್ತೇಳು ವರ್ಷ ಓಡಾಡಿ ನಾನು ಗಳಿಸಿದ್ದು ನಲವತ್ತನಾಲ್ಕು ನ್ಯಾನೋ. ನೀವು ಹನ್ನೆರಡು ನಿಮಿಷ ಕೊಟ್ರಿ. ಅದನ್ನ ಹೇಳಾಕ ಬಂದೆ."

ಇಮ್ತಿಯಾಜ್ ಸೀಟಿ ಊದಿದ. ನನಗೆ ಅಳುವೂ ಬಂತು, ಯಾಕೋ ಸಿಟ್ಟೂ ಬಂತು. ಅವರ ಕೈ ಹಿಡಿದೆಳೆದು, "ಇದು ಯಾವ್ದು ಗಿರಿಜಕ್ಕಂದು?" ಎಂದು ಕೇಳಿದೆ. ತೋರಿಸಿದರು. ಅದರ ಕೀಲಿಯನ್ನು ಉಗುರಿನಿಂದ ಹೊರಗೆಳೆದು, ಮುಳ್ಳನ್ನು ಎರಡು ನಿಮಿಷ ಮುಂದಕ್ಕೆ ತಿರುಗಿಸಿ ಒತ್ತಿದೆ.

"ಈಗ ಸರಿಯಾಯ್ತು," ಎಂದೆ.

ಅವರು ಎರಡೂ ವಾಚನ್ನು ಕಣ್ಣೆವೆ ಇಕ್ಕದೆ ನೋಡುತ್ತ ನಿಂತರು. ನಾನು ಬಸ್ಸು ಹತ್ತಿದ ಮೇಲೆ ಕಿಟಕಿಯ ಹತ್ತಿರ ಬಂದು, "ಹೋಗ್ಬರ್ರಿ ಮೇಡಂ," ಎಂದರು. ಬಸ್ಸು ತಿರುವು ತೆಗೆದುಕೊಳ್ಳುವಾಗ ಹಿಂದಿರುಗಿ ನೋಡಿದೆ. ಜನರ ನಡುವೆ ಅಲ್ಲೇ ನಿಂತಿದ್ದರು, ಕಣ್ಣು ಮುಚ್ಚಿ, ಅಕ್ಕನ ವಾಚನ್ನು ಕಿವಿಗೆ ಹಿಡಿದು.